ಅಡ್ಮಿನಿಸ್ಟ್ರೇಟರ್ ಬಾಗಿಲು ತೆರೆದೇ ಇತ್ತು: ಮಂಡಿಪೇಟೆಯ ಒಂದು ಅಂಗಡಿ ಕಥೆ, ನಿಮ್ಮಲ್ಲೂ ಒಮ್ಮೆ ನೋಡಿಕೊಳ್ಳಿ

ಕೀಬೋರ್ಡ್_ಕೊಟ್ರ
ಸೋಮವಾರ, ರಾತ್ರಿ 9:40

ಸ್ವಲ್ಪ ಉದ್ದ ಇದೆ, ಆದರೂ ಓದಿ. ನಾನು ದಾವಣಗೆರೆಯಲ್ಲಿ ಹತ್ತು ಹನ್ನೆರಡು ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ದಲ್ಲಾಲಿ ಅಂಗಡಿಗಳು, ಎರಡು ಅಕ್ಕಿ ಗಿರಣಿ, ಒಂದು ಬಟ್ಟೆ ಅಂಗಡಿ. ದೊಡ್ಡ ಇಂಜಿನಿಯರ್ ಏನಲ್ಲ. ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡರೂ ನನಗೇ ಫೋನ್, ಸರ್ವರ್ ನಿಂತರೂ ನನಗೇ ಫೋನ್.

ಇವತ್ತು ಬೆಳಿಗ್ಗೆ ಎಂಟೂವರೆಗೆ ಮಂಡಿಪೇಟೆಯ ಒಂದು ದಲ್ಲಾಲಿ ಅಂಗಡಿಯಿಂದ ಫೋನ್ ಬಂತು. "ಟ್ಯಾಲಿಯಲ್ಲಿ ನಮ್ಮ ಕಂಪನಿ ಹೆಸರೇ ಕಾಣ್ತಿಲ್ಲ, ಬೇಗ ಬನ್ನಿ" ಅಂದರು ಗುಮಾಸ್ತರು. (ಟ್ಯಾಲಿ ಅವರು ಲೆಕ್ಕ ಬರೆಯುವ ಸಾಫ್ಟ್‌ವೇರ್.) ಹೋದೆ. ಡಿ ಡ್ರೈವ್‌ನಲ್ಲಿದ್ದ ಪ್ರತಿ ಫೈಲಿನ ಹೆಸರಿಗೂ ಏನೇನೋ ಅಕ್ಷರಗಳ ಬಾಲ ಅಂಟಿಕೊಂಡಿತ್ತು. ಪ್ರತಿ ಫೋಲ್ಡರ್‌ನಲ್ಲೂ ಒಂದು ಟೆಕ್ಸ್ಟ್ ಫೈಲ್. ನಿಮ್ಮ ಫೈಲ್‌ಗಳಿಗೆ ಬೀಗ ಹಾಕಿದ್ದೇವೆ, ದುಡ್ಡು ಕೊಟ್ಟರೆ ಬೀಗದ ಕೈ ಕೊಡುತ್ತೇವೆ, ಈ ಇಮೇಲ್‌ಗೆ ಬರೆಯಿರಿ. ರ್‍ಯಾನ್ಸಮ್‌ವೇರ್. ಪೇಪರ್‌ನಲ್ಲಿ ಓದಿದ್ದೆ, ಕಣ್ಣೆದುರು ನೋಡಿದ್ದು ಇದೇ ಮೊದಲು.

ಬ್ಯಾಕಪ್ ಇತ್ತು. ಆದರೆ ಆ ಹಾರ್ಡ್ ಡಿಸ್ಕ್ ಯಾವಾಗಲೂ ಅದೇ ಸಿಪಿಯುಗೆ ಚುಚ್ಚಿಕೊಂಡೇ ಇರುತ್ತಿತ್ತು. ಅದಕ್ಕೂ ಅದೇ ಬಾಲ.

ಅವರು ವೈರಸ್ ಅಂತಲೇ ತಿಳಿದಿದ್ದರು. ನಾನು ನೆಟ್ ಕೇಬಲ್ ಕಿತ್ತು, ಈವೆಂಟ್ ವ್ಯೂವರ್ ತೆರೆದು, ಯಾರು ಯಾವಾಗ ಲಾಗಿನ್ ಆದರು ಅಂತ ಬರೆದಿರುವ ಸೆಕ್ಯುರಿಟಿ ಲಾಗ್ ನೋಡಿದೆ. 4625, 4625, 4625. ಲಾಗಿನ್ ತಪ್ಪಾದರೆ ವಿಂಡೋಸ್ ಬರೆದಿಡುವ ನಂಬರ್ ಅದು. ಸೆಕೆಂಡಿಗೆ ಒಂದೆರಡರಂತೆ ಸಾಲಾಗಿ ಇದ್ದವು. ಯಾವ ಹೆಸರಿನಲ್ಲಿ ಪ್ರಯತ್ನಿಸಿದ್ದಾರೆ ನೋಡಿ: ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಯೂಸರ್, ಟೆಸ್ಟ್, ಟ್ಯಾಲಿ, ಅಕೌಂಟ್ಸ್, ಮತ್ತೆ ಅಡ್ಮಿನಿಸ್ಟ್ರೇಟರ್. ಭಾನುವಾರ ರಾತ್ರಿ 2:47ಕ್ಕೆ ಮಧ್ಯದಲ್ಲಿ ಒಂದೇ ಒಂದು 4624. ಅಂದರೆ ಲಾಗಿನ್ ಸರಿಯಾಗಿದೆ. ಲಾಗಿನ್ ಟೈಪ್ 10, ಅಂದರೆ ರಿಮೋಟ್ ಡೆಸ್ಕ್‌ಟಾಪ್, ದೂರದಿಂದ ನೆಟ್ ಮೂಲಕ ಕಂಪ್ಯೂಟರ್ ನಡೆಸುವ ದಾರಿ. ಹೆಸರು ಅಡ್ಮಿನಿಸ್ಟ್ರೇಟರ್, ಕಂಪ್ಯೂಟರಿನ ಪೂರ್ತಿ ಹಕ್ಕಿರುವ ಅಕೌಂಟ್.

ಬಾಗಿಲು ಮುರಿದಿಲ್ಲ. ಬೀಗದ ಕೈ ಹಾಕಿ ತೆಗೆದುಕೊಂಡು ಒಳಗೆ ಬಂದಿದ್ದಾರೆ.

ದುಡ್ಡು ಕೊಡುವುದು ಬೇಡ ಅಂತ ಹೇಳಿದ್ದೇನೆ. ಮುಂದೇನು ಮಾಡಲಿ?

---

ನೈಟ್‌ಶಿಫ್ಟ್_ವಿದ್ಯಾನಗರ
ಸೋಮವಾರ, ರಾತ್ರಿ 10:05

ಕೊಟ್ರಣ್ಣ, ಮೊದಲು ಆ ಮಷಿನ್ ಫಾರ್ಮ್ಯಾಟ್ ಮಾಡಬೇಡಿ. ಡಿಸ್ಕ್ ತೆಗೆದು ಪಕ್ಕಕ್ಕಿಡಿ, ಬೇರೆ ಡಿಸ್ಕ್ ಹಾಕಿ ಹೊಸದಾಗಿ ವಿಂಡೋಸ್ ಹಾಕಿ. ಕೆಲವು ರ್‍ಯಾನ್ಸಮ್‌ವೇರ್‌ಗಳಿಗೆ ಬೀಗದ ಕೈ ಮುಂದೆ ಯಾವತ್ತಾದರೂ ಉಚಿತವಾಗಿ ಸಿಗುತ್ತದೆ. 'ನೋ ಮೋರ್ ರ್‍ಯಾನ್ಸಮ್' ಅಂತ ಒಂದು ತಾಣ ಇದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್‌ಲ್ಯಾಂಡ್ಸ್ ಪೊಲೀಸರು ಮತ್ತು ಎರಡು ಆ್ಯಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಬೀಗ ಬಿದ್ದ ಒಂದು ಫೈಲ್, ಜೊತೆಗೆ ಆ ಟೆಕ್ಸ್ಟ್ ಫೈಲ್ ಅಲ್ಲಿ ಹಾಕಿ ನೋಡಿ.

ಎರಡನೆಯದು, ದೂರು ಕೊಡಿ. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹಾಕಬಹುದು, ಇಲ್ಲವೇ ನಮ್ಮೂರ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ. ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು ಮುಖ್ಯವಾಗಿ ದುಡ್ಡು ಹೋದಾಗ.

ಮೂರನೆಯದು, ರೂಟರ್ ನೋಡಿ. ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು ನಂಬರ್ 3389. ಆ ಪೋರ್ಟ್ ಹೊರಗಿನ ನೆಟ್‌ಗೆ ತೆರೆದುಕೊಳ್ಳುವಂತೆ ಫಾರ್ವರ್ಡ್ ಇದೆಯಾ?

---

ಕೀಬೋರ್ಡ್_ಕೊಟ್ರ
ಸೋಮವಾರ, ರಾತ್ರಿ 10:12

ಇದೆ.

---

ಮೆಕ್ಕೆಜೋಳ_ಸಾವ್ಕಾರ
ಸೋಮವಾರ, ರಾತ್ರಿ 10:30

ನಾನೂ ಅಂಗಡಿ ಇಟ್ಟವನೇ. ನನಗೆ ಅರ್ಥವಾಗದ್ದು ಒಂದೇ. ದಾವಣಗೆರೆಯಲ್ಲಿ ಒಂದು ಮೂಲೆಯಲ್ಲಿರುವ ಅಂಗಡಿ ರಷ್ಯಾದಲ್ಲೋ ಇನ್ನೆಲ್ಲೋ ಕೂತ ಕಳ್ಳನಿಗೆ ಹೇಗೆ ಗೊತ್ತಾಯಿತು? ನಮ್ಮ ಪಕ್ಕದ ಬೀದಿಯವರಿಗೇ ನಮ್ಮ ಅಂಗಡಿ ಹೆಸರು ಗೊತ್ತಿಲ್ಲ. ಒಳಗಿನವರೇ ಯಾರೋ ಮಾಡಿರಬೇಕು ಅಂತ ನನ್ನ ಗುಮಾನಿ.

---

ನೈಟ್‌ಶಿಫ್ಟ್_ವಿದ್ಯಾನಗರ
ಸೋಮವಾರ, ರಾತ್ರಿ 10:58

ಸಾವ್ಕಾರ್ರೇ, ಅವರಿಗೆ ನಿಮ್ಮ ಅಂಗಡಿ ಹೆಸರು ಬೇಕಾಗಿಯೇ ಇಲ್ಲ. ನಂಬರ್ ಸಾಕು.

ಐಪಿ ವಿಳಾಸಗಳು, ಅಂದರೆ ನೆಟ್‌ನಲ್ಲಿ ಕಂಪ್ಯೂಟರ್‌ಗಳ ಮನೆ ನಂಬರ್‌ಗಳು, ಹಳೆಯ ಲೆಕ್ಕದಲ್ಲಿ ಒಟ್ಟು ಸುಮಾರು 429 ಕೋಟಿ. ಜಾಸ್ತಿ ಅನಿಸುತ್ತದೆ ಅಲ್ವಾ? 2013ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಅಂತ ಒಂದು ಟೂಲ್ ಮಾಡಿದರು. ಒಂದೇ ಕಂಪ್ಯೂಟರ್, ಒಂದು ಗಿಗಾಬಿಟ್ ಲೈನ್ ಇದ್ದರೆ ಇಡೀ ಪ್ರಪಂಚದ ಆ ವಿಳಾಸಗಳಲ್ಲಿ ಒಂದು ಪೋರ್ಟ್ ಎಲ್ಲೆಲ್ಲಿ ತೆರೆದಿದೆ ಅಂತ 45 ನಿಮಿಷದೊಳಗೆ ತಟ್ಟಿ ನೋಡಿಬಿಡುತ್ತದೆ. ನೀವು ಗುಂಡಿ ಸರ್ಕಲ್‌ನಲ್ಲಿ ದೋಸೆಗೆ ಕಾಯುವಷ್ಟು ಹೊತ್ತು. ಅದು ಸಂಶೋಧನೆಗೆ ಮಾಡಿದ್ದು. ಕಳ್ಳರ ಕೈಯಲ್ಲೂ ಇಂಥವು ಬೇಕಾದಷ್ಟಿವೆ, ಹಗಲು ರಾತ್ರಿ ಓಡುತ್ತಲೇ ಇರುತ್ತವೆ. ಮನುಷ್ಯ ಕೂತು ನಿಮ್ಮನ್ನು ಹುಡುಕಿಲ್ಲ. ಒಂದು ಪ್ರೋಗ್ರಾಂ ಬೀದಿಯ ಎಲ್ಲ ಬಾಗಿಲನ್ನೂ ತಳ್ಳುತ್ತಾ ಹೋಗಿದೆ.

ಪಾಪ, ಆ ಗುಮಾಸ್ತರ ಮೇಲೆ ಅನುಮಾನ ಬೇಡ.

---

ಕೀಬೋರ್ಡ್_ಕೊಟ್ರ
ಸೋಮವಾರ, ರಾತ್ರಿ 11:20

ಆ ಫಾರ್ವರ್ಡ್ ಹಾಕಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನೇ.

2020ರ ಏಪ್ರಿಲ್. ಲಾಕ್‌ಡೌನ್. ಅಂಗಡಿ ಮುಚ್ಚಿತ್ತು, ಯಜಮಾನರಿಗೆ ಮನೆಯಿಂದ ಲೆಕ್ಕ ನೋಡಬೇಕಿತ್ತು. ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ತೆಗೆದುಕೊಂಡು, ರೂಟರ್‌ನಲ್ಲಿ 3389 ತೆರೆದು, "ಎರಡು ವಾರಕ್ಕೆ ಅಷ್ಟೇ ಸಾರ್" ಅಂದಿದ್ದೆ. ರೂಟರ್‌ನಲ್ಲಿ ಆ ಸಾಲಿಗೆ ಹೆಸರು ಕೊಡಬೇಕಲ್ಲ, ಅಲ್ಲಿ "ಟೆಂಪ್" ಅಂತ ಬರೆದಿದ್ದೆ. ಇವತ್ತು ನೋಡಿದರೆ ಆ ಟೆಂಪ್ ಹಾಗೇ ಕೂತಿದೆ.

ಇನ್ನೊಂದಿದೆ. ವಿಂಡೋಸ್ 10ರಲ್ಲಿ ಅಡ್ಮಿನಿಸ್ಟ್ರೇಟರ್ ಅನ್ನುವ ಆ ಮೂಲ ಅಕೌಂಟ್ ಆಫ್ ಆಗಿಯೇ ಬರುತ್ತದೆ. ಇಲ್ಲಿ ಆನ್ ಇತ್ತು. ತೂಕದ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಲು ಬಂದ ಹುಡುಗ ಆನ್ ಮಾಡಿದ್ದಾನೆ. ಪಾಸ್‌ವರ್ಡ್ ಇಟ್ಟಿದ್ದು ಯಜಮಾನರು: ಅಂಗಡಿ ಹೆಸರು, ಅಟ್, 123. ಮೂರು ಜನ, ಮೂವರೂ ಒಳ್ಳೆಯ ಮನಸ್ಸಿನಿಂದಲೇ.

---

ರೂಟ್_ಅಲ್ಲದವಳು
ಮಂಗಳವಾರ, ಬೆಳಿಗ್ಗೆ 7:15

ಕೊಟ್ರಣ್ಣ, ಒಪ್ಪಿಕೊಂಡಿದ್ದೇ ದೊಡ್ಡದು. ನಾನು ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದೇನೆ, ನನ್ನದೂ ಒಂದು ಪೆಟ್ಟು ಇದೆ. ಇದು ಲಿನಕ್ಸ್ ಕಡೆಯದು.

ಪ್ರಾಜೆಕ್ಟ್‌ಗೆ ಅಂತ ಒಂದು ಸಣ್ಣ ಕ್ಲೌಡ್ ಸರ್ವರ್ ಬಾಡಿಗೆಗೆ ತೆಗೆದುಕೊಂಡಿದ್ದೆವು. ಉಬುಂಟು. ನಾಲ್ಕು ಜನರಿಗೂ ಒಂದೇ ರೂಟ್ (ಲಿನಕ್ಸ್‌ನ ಅಡ್ಮಿನಿಸ್ಟ್ರೇಟರ್) ಪಾಸ್‌ವರ್ಡ್, ವಾಟ್ಸಾಪ್ ಗುಂಪಿನಲ್ಲಿ ಪಿನ್ ಮಾಡಿದ್ದೆವು. ಮೂರನೇ ದಿನ ಸರ್ವರ್ ಏದುಸಿರು ಬಿಡತೊಡಗಿತು. ಟಾಪ್ ಕಮಾಂಡ್ ಹಾಕಿ ನೋಡಿದರೆ ಯಾವುದೋ ಪ್ರೋಗ್ರಾಂ ಪೂರ್ತಿ ಸಿಪಿಯು ತಿನ್ನುತ್ತಿದೆ. ಬಿಟ್‌ಕಾಯಿನ್ ತರಹದ ಯಾವುದೋ ಕಾಯಿನ್ ಗಣಿಗಾರಿಕೆ! ನಮ್ಮ ದುಡ್ಡಿನ ಸರ್ವರ್‌ನಲ್ಲಿ ಯಾರೋ ಗಣಿ ಅಗೆಯುತ್ತಿದ್ದರು.

ಬುದ್ಧಿವಂತಿಕೆ ಮಾಡಿ ಪಾಸ್‌ವರ್ಡ್ ಬದಲಿಸಿದೆವು. ಮರುದಿನ ಮತ್ತೆ ಅದೇ. ಯಾಕೆ ಗೊತ್ತಾ? ಬಂದವನು ರೂಟ್‌ನ ಆಥರೈಸ್ಡ್ ಕೀಸ್ ಫೈಲ್‌ನಲ್ಲಿ ತನ್ನದೂ ಒಂದು ಕೀ ಸೇರಿಸಿ ಹೋಗಿದ್ದ. ಅವನಿಗೆ ಪಾಸ್‌ವರ್ಡ್ ಬೇಡವೇ ಬೇಡ. ಹೊತ್ತಿಗೆ ಸರಿಯಾಗಿ ತಾನಾಗೇ ಕೆಲಸ ಓಡಿಸುವ ಕ್ರಾನ್‌ನಲ್ಲೂ ಒಂದು ಸಾಲು ಇಟ್ಟಿದ್ದ, ಅಳಿಸಿದರೂ ಕೆಲವು ನಿಮಿಷಕ್ಕೆ ಮತ್ತೆ ಇಳಿಸಿಕೊಳ್ಳುವಂತೆ. ಹಾಗಾಗಿ ಒಮ್ಮೆ ಅಡ್ಮಿನ್ ಆಗಿ ಒಳಗೆ ಬಂದರೆ ಮುಗಿಯಿತು. ಸ್ವಚ್ಛ ಮಾಡುತ್ತಾ ಕೂರಬೇಡಿ, ಹೊಸದಾಗಿ ಕಟ್ಟಿ.

---

ದುರ್ಗದ_ಮಂಜ
ಮಂಗಳವಾರ, ಬೆಳಿಗ್ಗೆ 8:02

ಚಿತ್ರದುರ್ಗದಿಂದ ನಾನು. ಈ ವಿಷಯ ಬಂದ ಮೇಲೆ ಓಬವ್ವನ ಕಿಂಡಿ ಹೇಳದೆ ಇದ್ದರೆ ಊರಿನವರು ಬೈಯುತ್ತಾರೆ, ಹೇಳಿಬಿಡುತ್ತೇನೆ. ಏಳು ಸುತ್ತಿನ ಕೋಟೆ. ಹೈದರಾಲಿಯ ಕಡೆಯವರಿಗೆ ಗೋಡೆ ಒಡೆಯಲು ಆಗಲಿಲ್ಲ. ನಮ್ಮಲ್ಲಿ ಹೇಳುವ ಕಥೆ ಪ್ರಕಾರ, ಯಾರೋ ಒಬ್ಬರು ಆ ಕಿಂಡಿಯಲ್ಲಿ ನುಸುಳಿ ಬರುವುದನ್ನು ನೋಡಿ ದಾರಿ ಕಂಡುಕೊಂಡರು. ಕಿಂಡಿಯನ್ನು ಶತ್ರು ಕೊರೆದಿದ್ದಲ್ಲ. ನಮ್ಮವರೇ ಓಡಾಡಲು ಹತ್ತಿರ ಅಂತ ಬಳಸುತ್ತಿದ್ದದ್ದು. ಕೊಟ್ರಣ್ಣನ ಟೆಂಪ್ ಇದ್ದ ಹಾಗೆ.

---

ರೂಟ್_ಅಲ್ಲದವಳು
ಮಂಗಳವಾರ, ಬೆಳಿಗ್ಗೆ 8:10

ಬಂದೇ ಬಂತು ಓಬವ್ವ :)

ಆದರೆ ಮಂಜಣ್ಣ, ಓಬವ್ವ ಕಾವಲಿಗೆ ನಿಂತವಳಲ್ಲ. ಗಂಡ ಊಟಕ್ಕೆ ಕೂತಿದ್ದ, ಅವಳು ನೀರಿಗೆ ಹೋಗಿದ್ದಾಗ ಕಣ್ಣಿಗೆ ಬಿತ್ತು. ನಮ್ಮ ಸರ್ವರ್‌ಗಳಲ್ಲಿ ನೀರಿಗೆ ಹೋಗುವವರೂ ಇಲ್ಲ. 4625 ಸಾಲುಗಟ್ಟಿ ಬೀಳುತ್ತಿದ್ದರೂ ನೋಡಿದವರು ಯಾರು?

---

ಕೀಬೋರ್ಡ್_ಕೊಟ್ರ
ಮಂಗಳವಾರ, ಬೆಳಿಗ್ಗೆ 8:31

ನಿಜ. ಅದರ ಮೇಲೆ ಇನ್ನೊಂದು ಕರ್ಮ. ಎಷ್ಟು ದಿನದಿಂದ ಬಡಿಯುತ್ತಿದ್ದರು ಅಂತ ನೋಡಲು ಹೋದರೆ ಲಾಗ್ ಹಿಂದಕ್ಕೆ ಹೋಗುವುದೇ ಇಲ್ಲ. ವಿಂಡೋಸ್‌ನಲ್ಲಿ ಸೆಕ್ಯುರಿಟಿ ಲಾಗ್‌ಗೆ ತಾನಾಗೇ ಕೊಟ್ಟಿರುವ ಜಾಗ 20 ಎಂಬಿ. ತುಂಬಿದರೆ ಹಳೆಯದರ ಮೇಲೆ ಬರೆಯುತ್ತದೆ. ಅವರ ಪ್ರಯತ್ನಗಳೇ ಹಳೆಯ ಪ್ರಯತ್ನಗಳನ್ನು ಅಳಿಸಿಹಾಕಿವೆ. ಜಾಗ ಹೆಚ್ಚಿಸಲು ಎರಡು ಕ್ಲಿಕ್ ಸಾಕಿತ್ತು.

---

ಹಳೇ_ಸರ್ವರ್
ಮಂಗಳವಾರ, ಬೆಳಿಗ್ಗೆ 10:45

ಇಷ್ಟೆಲ್ಲ ಯಾಕೆ ಗುರು? ಪೋರ್ಟ್ ನಂಬರ್ ಬದಲಿಸಿ, 3389 ಬದಲು 45 ಸಾವಿರ ಚಿಲ್ಲರೆ ಯಾವುದೋ ಕೊಡಿ. ಮೂರು ತಪ್ಪು ಪಾಸ್‌ವರ್ಡ್‌ಗೆ ಲಾಕ್ ಹಾಕಿ. ಆರು ವರ್ಷದಿಂದ ನಾನು ಹೀಗೇ ನಡೆಸುತ್ತಿದ್ದೇನೆ. ಏನೂ ಆಗಿಲ್ಲ.

---

ನೈಟ್‌ಶಿಫ್ಟ್_ವಿದ್ಯಾನಗರ
ಮಂಗಳವಾರ, ಮಧ್ಯಾಹ್ನ 1:20

ಈಗ ಎದ್ದೆ. ಹಳೇ ಸರ್ವರ್ ಅವರೇ, ಎರಡಕ್ಕೂ ಉತ್ತರ ಇದೆ.

ಪೋರ್ಟ್ ಬದಲಿಸಿದರೆ ಗಲಾಟೆ ಕಡಿಮೆಯಾಗುತ್ತದೆ, ಅಪಾಯ ಹೋಗುವುದಿಲ್ಲ. ಮನೆ ನಂಬರ್ ಬದಲಿಸಿ ಬಾಗಿಲು ಹಾಗೇ ಬಿಟ್ಟಂತೆ. ಶೋಡಾನ್ ಅಂತ ಒಂದು ಹುಡುಕುವ ತಾಣ 2009ರಿಂದ ಇದೆ. ಯಾವ ಐಪಿಯಲ್ಲಿ ಯಾವ ಪೋರ್ಟ್‌ನಲ್ಲಿ ಏನು ಓಡುತ್ತಿದೆ ಅಂತ ಪಟ್ಟಿ ಇಡುವುದೇ ಅದರ ಕೆಲಸ. ಬೇರೆ ಪೋರ್ಟ್‌ನಲ್ಲಿದ್ದರೂ ಉತ್ತರ ಕೊಡುವ ರೀತಿ ನೋಡಿ ಇದು ರಿಮೋಟ್ ಡೆಸ್ಕ್‌ಟಾಪ್ ಅಂತ ಗುರುತು ಹಿಡಿಯಬಹುದು.

ಲಾಕ್ ವಿಷಯ ಇನ್ನೂ ಮಜಾ. ಮೂಲ ಅಡ್ಮಿನಿಸ್ಟ್ರೇಟರ್ ಅಕೌಂಟ್‌ಗೆ ವಿಂಡೋಸ್‌ನಲ್ಲಿ ಬಹಳ ಕಾಲ ಈ ಲಾಕ್ ತಾಗುತ್ತಲೇ ಇರಲಿಲ್ಲ. ಉಳಿದವರೆಲ್ಲ ಲಾಕ್ ಆಗುತ್ತಾರೆ, ಅಡ್ಮಿನಿಸ್ಟ್ರೇಟರ್ ಮಾತ್ರ ಎಷ್ಟು ಸಲ ತಪ್ಪಿದರೂ ಸರಿ. ಕಳ್ಳರು ಮತ್ತೆ ಮತ್ತೆ ಅದೇ ಹೆಸರು ಹಿಡಿಯುವುದು ಅದಕ್ಕೇ. 2022ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಅದಕ್ಕೂ ಲಾಕ್ ಹಾಕುವ ಆಯ್ಕೆ ಕೊಟ್ಟಿತು. ಆದರೆ ಹಳೆಯ ಮಷಿನ್‌ಗಳಲ್ಲಿ ಅದನ್ನು ನಾವೇ ಹೋಗಿ ಆನ್ ಮಾಡಬೇಕು. ನಿಮ್ಮದರಲ್ಲಿ ಆನ್ ಇದೆಯಾ?

---

ಹಳೇ_ಸರ್ವರ್
ಮಂಗಳವಾರ, ಮಧ್ಯಾಹ್ನ 1:52

ನೋಡಿದೆ. ಇರಲಿಲ್ಲ. ಈಗ ಹಾಕಿದೆ. ಆದರೂ ಏನೂ ಆಗಿಲ್ಲ ಅನ್ನುವುದು ಸುಳ್ಳಲ್ಲ.

---

ಬಿಲ್ಲಿಂಗ್_ಹುಡುಗ
ಮಂಗಳವಾರ, ಸಂಜೆ 4:10

ನಾನು ಸಾಫ್ಟ್‌ವೇರ್ ಹಾಕುವ ಕಡೆಯವನು. ಕೊಟ್ರಣ್ಣನ ಅಂಗಡಿಗೆ ಬಂದವನು ನಾನಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮನ್ನೂ ಅರ್ಥ ಮಾಡಿಕೊಳ್ಳಿ. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಅಡ್ಮಿನ್ ಅಲ್ಲದೆ ಓಡುವುದೇ ಇಲ್ಲ. ಸಾಮಾನ್ಯ ಯೂಸರ್‌ನಲ್ಲಿ ತೆರೆದರೆ ಎರರ್. ಹೊರಗೆ ಲಾರಿ ತೂಕಕ್ಕೆ ನಿಂತಿರುತ್ತದೆ, ಹಮಾಲರು ಕೂಗುತ್ತಿರುತ್ತಾರೆ, ಸಾವ್ಕಾರರು ತಲೆ ಮೇಲೆ ನಿಂತಿರುತ್ತಾರೆ. ಎಲ್ಲರನ್ನೂ ಅಡ್ಮಿನ್ ಮಾಡಿ ಬಂದುಬಿಡುತ್ತೇವೆ. ಇದು ನಾಲ್ಕು ಗೋಡೆಯೊಳಗಿನ ಗುಟ್ಟೇನಲ್ಲ.

---

ನೈಟ್‌ಶಿಫ್ಟ್_ವಿದ್ಯಾನಗರ
ಮಂಗಳವಾರ, ಸಂಜೆ 5:00

ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ತಮ್ಮಾ. ಅದು ಓಡದೆ ಇರುವುದಕ್ಕೆ ಬಹಳ ಸಲ ಒಂದೇ ಕಾರಣ. ಅದು ತನ್ನ ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಹೋಗುತ್ತದೆ. ಸಾಮಾನ್ಯ ಯೂಸರ್‌ಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಅದಕ್ಕೆ ಇಡೀ ಕಂಪ್ಯೂಟರಿನ ಹಕ್ಕು ಯಾಕೆ? ಆ ಒಂದು ಫೋಲ್ಡರ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಆ ಯೂಸರ್‌ಗೆ ಮಾಡಿಫೈ ಹಕ್ಕು ಕೊಡಿ. ಎರಡು ನಿಮಿಷ. ಲಾರಿ ಕಾಯುತ್ತದೆ.

ಆಗ ಗುಮಾಸ್ತರ ಲಾಗಿನ್ ಯಾರ ಕೈಗಾದರೂ ಸಿಕ್ಕರೆ ಅವರ ಫೈಲ್‌ಗಳು ಹೋಗಬಹುದು. ಆದರೆ ಆ್ಯಂಟಿವೈರಸ್ ಆಫ್ ಮಾಡಲು, ವಿಂಡೋಸ್ ಇಟ್ಟುಕೊಳ್ಳುವ ಹಳೆಯ ಪ್ರತಿಗಳಾದ ಶ್ಯಾಡೋ ಕಾಪಿ ಅಳಿಸಲು ಅಡ್ಮಿನ್ ಹಕ್ಕು ಬೇಕು. ಬಂದವರು ಮೊದಲು ಮಾಡುವುದು ಆ ಎರಡನ್ನೇ.

---

ಮೆಕ್ಕೆಜೋಳ_ಸಾವ್ಕಾರ
ಮಂಗಳವಾರ, ಸಂಜೆ 6:25

ಎಲ್ಲ ಸರಿ. ಆದರೆ ನಮ್ಮ ಲೆಕ್ಕಪರಿಶೋಧಕರು ಹುಬ್ಬಳ್ಳಿಯಲ್ಲಿದ್ದಾರೆ, ಮಗ ಬೆಂಗಳೂರಿನಲ್ಲಿದ್ದಾನೆ. ಇಬ್ಬರೂ ಅಲ್ಲಿಂದಲೇ ನೋಡಬೇಕು. ಬಾಗಿಲು ಪೂರ್ತಿ ಮುಚ್ಚಿದರೆ ವ್ಯಾಪಾರ ಹೇಗೆ? ಪ್ರತಿ ಸಲ ಓಟಿಪಿ ಅಂದರೆ ನನ್ನ ಕೈಲಾಗದು, ಮೊಬೈಲ್ ಹುಡುಕುವಷ್ಟರಲ್ಲಿ ರೇಟ್ ಬದಲಾಗಿರುತ್ತದೆ.

---

ರೂಟ್_ಅಲ್ಲದವಳು
ಮಂಗಳವಾರ, ಸಂಜೆ 6:50

ಅಂಕಲ್, ಮುಚ್ಚುವುದು ಬೀದಿ ಕಡೆಯ ಬಾಗಿಲು ಮಾತ್ರ. ವಿಪಿಎನ್ ಅಂತ ಇದೆ, ನಿಮ್ಮವರಿಗೆ ಮಾತ್ರ ಇರುವ ಗುಟ್ಟಿನ ದಾರಿ. ಅದರಲ್ಲಿ ವೈರ್‌ಗಾರ್ಡ್ ಅನ್ನುವುದು ಉಚಿತ. ನಿಮ್ಮ ಮಗನ ಲ್ಯಾಪ್‌ಟಾಪ್, ಲೆಕ್ಕಪರಿಶೋಧಕರ ಕಂಪ್ಯೂಟರ್, ಇವೆರಡಕ್ಕೆ ಒಂದೊಂದು ಕೀ. ಕೀ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಇಲ್ಲಿ ಮನೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಮಗ ಒಂದು ಬಟನ್ ಒತ್ತಿ ಕನೆಕ್ಟ್ ಆಗಿ, ಆಮೇಲೆ ಎಂದಿನಂತೆ ರಿಮೋಟ್ ಡೆಸ್ಕ್‌ಟಾಪ್ ತೆರೆಯುತ್ತಾರೆ. ಯಾರಾದರೂ ಕೆಲಸ ಬಿಟ್ಟರೆ ಅವರ ಕೀ ಒಂದನ್ನೇ ತೆಗೆದರಾಯಿತು.

ಓಟಿಪಿ ಬೇಸರ ನನಗೂ ಇದೆ. ಆದರೆ 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೆಟ್ರೋಲ್ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ರ್‍ಯಾನ್ಸಮ್‌ವೇರ್‌ನಿಂದ ನಿಂತಿದ್ದು ಯಾಕೆ ಗೊತ್ತಾ? ಯಾರೂ ಬಳಸದ ಒಂದು ಹಳೆಯ ವಿಪಿಎನ್ ಅಕೌಂಟ್ ಹಾಗೇ ಬಿಟ್ಟಿದ್ದರು, ಪಾಸ್‌ವರ್ಡ್ ಒಂದಿದ್ದರೆ ಸಾಕು ಒಳಗೆ ಬರಬಹುದಿತ್ತು. ಪೂರ್ವ ಕರಾವಳಿಯಲ್ಲಿ ಪೆಟ್ರೋಲ್ ಬಂಕ್ ಮುಂದೆ ಕ್ಯೂ. ಕಂಪನಿ ಕೊಟ್ಟಿದ್ದು 75 ಬಿಟ್‌ಕಾಯಿನ್, ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್.

---

ದುರ್ಗದ_ಮಂಜ
ಮಂಗಳವಾರ, ರಾತ್ರಿ 8:15

ತಂಗಿ, ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಆಫ್ ಮಾಡೋಣ ಅಂತ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ 'ಎಸ್‌ಎಸ್‌ಎಚ್‌ಡಿ ಕಾನ್ಫಿಗ್' ಫೈಲ್‌ನಲ್ಲಿ 'ಪಾಸ್‌ವರ್ಡ್ ಅಥೆಂಟಿಕೇಶನ್ ನೋ' ಅಂತ ಬರೆದೆ. ರೀಸ್ಟಾರ್ಟ್ ಕೂಡ ಮಾಡಿದೆ. ಆದರೂ ಪಾಸ್‌ವರ್ಡ್ ಕೇಳುತ್ತಿದೆ, ಒಳಗೂ ಬಿಡುತ್ತಿದೆ. ಉಬುಂಟು 22.04. ತಲೆ ಕೆಟ್ಟಿದೆ.

---

ರೂಟ್_ಅಲ್ಲದವಳು
ಮಂಗಳವಾರ, ರಾತ್ರಿ 8:33

ಇದರಲ್ಲಿ ನಾನೂ ಬಿದ್ದಿದ್ದೆ ಅಣ್ಣ. ಆ ಫೈಲಿನ ಮೇಲ್ಗಡೆ ಇನ್‌ಕ್ಲೂಡ್ ಅಂತ ಒಂದು ಸಾಲು ಇದೆ ನೋಡಿ. ಪಕ್ಕದಲ್ಲಿರುವ 'ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ' ಫೋಲ್ಡರ್‌ನ ಫೈಲ್‌ಗಳನ್ನು ಅದು ಮೊದಲೇ ಓದಿಬಿಡುತ್ತದೆ. ಕ್ಲೌಡ್ ಸರ್ವರ್ ಆದರೆ ಅಲ್ಲಿ 50 ಕ್ಲೌಡ್ ಇನಿಟ್ ಅನ್ನುವ ಫೈಲ್ ಇರಬಹುದು, ಅದರಲ್ಲಿ 'ಯೆಸ್' ಅಂತ ಬರೆದಿರುತ್ತದೆ. ಎಸ್‌ಎಸ್‌ಎಚ್‌ಗೆ ಮೊದಲು ಸಿಕ್ಕ ಮಾತೇ ವೇದವಾಕ್ಯ. ಕೆಳಗೆ ನೀವು ಸಾವಿರ ಸಲ ನೋ ಅಂದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಫೈಲ್ ನೋಡಿ ನಂಬಬೇಡಿ. ಸುಡೋ, ಆಮೇಲೆ ಎಸ್‌ಎಸ್‌ಎಚ್‌ಡಿ, ಜಾಗ ಬಿಟ್ಟು ಹೈಫನ್, ದೊಡ್ಡಕ್ಷರ ಟಿ ಅಂತ ಕಮಾಂಡ್ ಕೊಡಿ. ನಿಜವಾಗಿ ಯಾವುದು ಜಾರಿಯಲ್ಲಿದೆ ಅಂತ ಅದು ಪೂರ್ತಿ ಹೇಳುತ್ತದೆ. ಪರ್ಮಿಟ್ ರೂಟ್ ಲಾಗಿನ್ ಏನಿದೆ ಅಂತಲೂ ಅಲ್ಲೇ ನೋಡಿ. 2015ರ ಓಪನ್ ಎಸ್‌ಎಸ್‌ಎಚ್ 7.0ರಿಂದ ರೂಟ್‌ಗೆ ಪಾಸ್‌ವರ್ಡ್‌ನಿಂದ ಬರುವ ದಾರಿ ತಾನಾಗೇ ಮುಚ್ಚಿರುತ್ತದೆ. ತೆರೆದಿದೆ ಅಂದರೆ ಯಾರೋ ಕೈಯಾರೆ ತೆರೆದಿದ್ದಾರೆ.

ಇನ್ನೊಂದು. ಇದನ್ನು ಬದಲಿಸುವಾಗ ಈಗ ಒಳಗಿರುವ ವಿಂಡೋ ಮುಚ್ಚಬೇಡಿ. ಇನ್ನೊಂದು ವಿಂಡೋದಲ್ಲಿ ಕೀ ಹಾಕಿ ಒಳಗೆ ಬರಲು ಆಗುತ್ತದೆಯಾ ನೋಡಿಕೊಂಡು ಆಮೇಲೆ ಮುಚ್ಚಿ. ಇಲ್ಲದಿದ್ದರೆ ಕಳ್ಳನ ಜೊತೆ ನೀವೂ ಹೊರಗೆ.

---

ದುರ್ಗದ_ಮಂಜ
ಮಂಗಳವಾರ, ರಾತ್ರಿ 8:51

ಕ್ಲೌಡ್ ಇನಿಟ್ ಫೈಲೇ! ಯೆಸ್ ಇತ್ತು. ಸರಿಯಾಯಿತು. ಎರಡು ದಿನ ಹಾಳಾಗಿತ್ತು ತಾಯಿ.

---

ಕೀಬೋರ್ಡ್_ಕೊಟ್ರ
ಬುಧವಾರ, ರಾತ್ರಿ 10:20

ಒಂದು ಒಳ್ಳೆಯ ಸುದ್ದಿ. ಆ ಅಂಗಡಿಯಲ್ಲಿ ಲೆಕ್ಕ ಬರೆಯುವ ಮೇಡಂ ಒಬ್ಬರಿದ್ದಾರೆ. ಪ್ರತಿ ಶುಕ್ರವಾರ ಸಂಜೆ ಟ್ಯಾಲಿ ಬ್ಯಾಕಪ್ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಟಿಫಿನ್ ಬ್ಯಾಗಿನ ಪಕ್ಕದ ಜೇಬಿನಲ್ಲಿಟ್ಟು ಮನೆಗೆ ಹೋಗುತ್ತಾರಂತೆ. ಯಾರೂ ಹೇಳಿದ್ದಲ್ಲ. ಹಿಂದೆ ಕೆಲಸ ಮಾಡಿದ ಕಡೆ ಒಮ್ಮೆ ಡಿಸ್ಕ್ ಸುಟ್ಟುಹೋಗಿತ್ತಂತೆ, ಅಂದಿನಿಂದ ಅಭ್ಯಾಸ. ಸೋಮವಾರ ರಜೆಯಲ್ಲಿದ್ದರು, ಮಂಗಳವಾರ ಬಂದು "ಇದು ಆಗುತ್ತಾ ನೋಡಿ" ಅಂತ ಮೇಜಿನ ಮೇಲಿಟ್ಟರು. ಉಪ್ಪಿನಕಾಯಿ ವಾಸನೆ ಬರುತ್ತಿತ್ತು. ಆಯಿತು!

ಹೋಗಿದ್ದು ಶನಿವಾರದ ಒಂದು ದಿನ ಮಾತ್ರ. ತೂಕದ ಚೀಟಿಗಳು ತಂತಿಗೆ ಚುಚ್ಚಿದ್ದು ಹಾಗೇ ಇದ್ದವು. ನಿನ್ನೆ ರಾತ್ರಿ ಹತ್ತರವರೆಗೆ ಮೇಡಂ ಓದಿದರು, ಗುಮಾಸ್ತರು ಒತ್ತಿದರು, ನಾನು ಮಂಡಕ್ಕಿ ಮಿರ್ಚಿ ತಂದುಕೊಟ್ಟೆ.

ಹೊಸ ಮಷಿನ್‌ನಲ್ಲಿ ಏನು ಮಾಡಿದೆ ಅಂದರೆ, ರೂಟರ್‌ನ ಟೆಂಪ್ ಅಳಿಸಿದೆ. ರೂಟರ್ ಪಾಸ್‌ವರ್ಡ್ ಕೂಡ ಇನ್ನೂ ಅಡ್ಮಿನ್, ಅಡ್ಮಿನ್ ಅಂತಲೇ ಇತ್ತು, ಅದನ್ನೂ ಬದಲಿಸಿದೆ. ಮೂಲ ಅಡ್ಮಿನಿಸ್ಟ್ರೇಟರ್ ಆಫ್. ಗುಮಾಸ್ತರಿಗೆ ಒಂದು, ಮೇಡಂಗೆ ಒಂದು, ಇಬ್ಬರಿಗೂ ಸಾಮಾನ್ಯ ಯೂಸರ್. ಅಡ್ಮಿನ್ ಕೆಲಸಕ್ಕೆ ನನ್ನದು ಬೇರೆ ಅಕೌಂಟ್, ಅದಕ್ಕೆ ರಿಮೋಟ್‌ನಲ್ಲಿ ಬರುವ ಹಕ್ಕೇ ಇಲ್ಲ. ಯಜಮಾನರಿಗೆ ವೈರ್‌ಗಾರ್ಡ್. ಲಾಗ್ ಜಾಗ ಹೆಚ್ಚಿಸಿದೆ. ಬ್ಯಾಕಪ್ ಡಿಸ್ಕ್ ಎರಡು, ಒಂದು ಸದಾ ಬೀರುವಿನಲ್ಲಿ. ಮೇಡಂ ಪೆನ್‌ಡ್ರೈವ್ ನಿಲ್ಲಿಸಬೇಡಿ ಅಂತ ಕೈ ಮುಗಿದು ಹೇಳಿದ್ದೇನೆ.

ಯಜಮಾನರು ಅಡ್ಮಿನ್ ಪಾಸ್‌ವರ್ಡ್ ತಮಗೂ ಬೇಕು ಅಂದರು. ಅಂಗಡಿ ಅವರದು, ಕೊಡದೆ ಇರಲು ಆಗುತ್ತದಾ? ಬರೆದು ಕವರ್‌ನಲ್ಲಿ ಹಾಕಿ ಅಂಟಿಸಿ ತಿಜೋರಿಯಲ್ಲಿಟ್ಟಿದ್ದೇವೆ. ಕವರ್ ಹರಿದರೆ ನನಗೆ ಫೋನ್ ಮಾಡಬೇಕು ಅಂತ ಒಪ್ಪಂದ.

---

ಮೆಕ್ಕೆಜೋಳ_ಸಾವ್ಕಾರ
ಗುರುವಾರ, ಬೆಳಿಗ್ಗೆ 6:40

ಕೊಟ್ರಪ್ಪ, ನನ್ನ ಅಂಗಡಿಗೂ ಒಮ್ಮೆ ಬನ್ನಿ. ಮಗ ರಾತ್ರಿ ನೋಡಿದನಂತೆ, ನಮ್ಮಲ್ಲೂ ಅದೇ 3389 ತೆರೆದಿದೆ.

---

ಕೀಬೋರ್ಡ್_ಕೊಟ್ರ
ಶನಿವಾರ, ರಾತ್ರಿ 9:15

ಸಾವ್ಕಾರರ ಅಂಗಡಿ ಆಯಿತು. ನಾನು ನೋಡಿಕೊಳ್ಳುವ ಹನ್ನೆರಡರಲ್ಲಿ ಐದು ಕಡೆ ನಾನೇ ಹಾಕಿದ ಟೆಂಪ್ ಸಿಕ್ಕಿತು. ನಾಲ್ಕು ಮುಚ್ಚಿದೆ. ಐದನೆಯವರು ಸೀಸನ್ ಮುಗಿಯಲಿ, ಈಗ ಕೈ ಹಾಕಬೇಡ ಅಂದಿದ್ದಾರೆ. ಸೋಮವಾರ ಮತ್ತೆ ಹೋಗುತ್ತೇನೆ. ಈ ಸಲ ಲೆಕ್ಕದ ಮೇಡಂ ಅವರನ್ನೂ ಕರೆದುಕೊಂಡು ಹೋಗುವ ಯೋಚನೆ ಇದೆ.